ಸೋಬಾನೆ ಕೇಳಿಸುವ ವಿಡಿಯೋ

ತಂಗಿಯ ಮದುವೆಗೆ ಮಂಡ್ಯದಲ್ಲಿ ಕಲ್ಯಾಣ ಮಂಟಪ ಗೊತ್ತಾದ ಮೇಲೆ ಅಡುಗೆಯವರು, ವಾಲಗದವರು, ಹೂವಿನವರು ಇವರನ್ನೆಲ್ಲ ಹಿರಿಯರೇ ಮಾತನಾಡಿಸಿ ಮುಗಿಸಿದರು. ವಿಡಿಯೋದವರನ್ನು ಆರಿಸುವ ಹೊಣೆ ಮಾತ್ರ ಮೈಸೂರಿನಲ್ಲಿ ಕೆಲಸದಲ್ಲಿರುವ ನನ್ನ ಪಾಲಿಗೆ ಬಂತು. ಒಂದು ಭಾನುವಾರವನ್ನು ಅದಕ್ಕಾಗಿಯೇ ಮೀಸಲಿಟ್ಟು, ತಂಗಿಯನ್ನೂ ಜೊತೆಗೆ ಕರೆದುಕೊಂಡು, ಬೆಳಿಗ್ಗೆ ಮೈಸೂರಿನ ಸ್ಟುಡಿಯೋಗಳಿಂದ ಆರಂಭಿಸಿ ಸಂಜೆಯ ಹೊತ್ತಿಗೆ ಮಂಡ್ಯ ತಲುಪಿದೆವು.

ನಮಗೆ ಏನು ಬೇಕು ಎಂಬುದು ಹೊರಡುವ ಮೊದಲೇ ಸ್ಪಷ್ಟವಿತ್ತು. ಚಿಕ್ಕಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಒಂದು ನಮ್ಮ ಮನೆಯಲ್ಲಿದೆ. ಟೇಪಿಗೆ ಬೂಷ್ಟು ಹಿಡಿಯುವ ಮೊದಲೇ ಅದನ್ನು ಡಿವಿಡಿಗೆ, ಆಮೇಲೆ ಪೆನ್‌ಡ್ರೈವ್‌ಗೆ ಇಳಿಸಿಕೊಂಡಿದ್ದೇವೆ. ಅರಿಶಿನ ಶಾಸ್ತ್ರದ ಭಾಗದಲ್ಲಿ ಅಜ್ಜಿ ಮತ್ತು ಅವರ ಓರಗೆಯ ಹೆಂಗಸರು ಹಸೆಮಣೆಯ ಪಕ್ಕದಲ್ಲಿ ಕುಳಿತು ಸೋಬಾನೆ ಹೇಳುತ್ತಿರುವುದು ಅದರಲ್ಲಿ ಕಾಣುತ್ತದೆ, ಆದರೆ ಒಂದು ಸೊಲ್ಲೂ ಕೇಳಿಸುವುದಿಲ್ಲ, ಏಕೆಂದರೆ ಎಡಿಟ್ ಮಾಡಿದವರು ಮೂಲ ಧ್ವನಿಯನ್ನು ಅಳಿಸಿ ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡುಗಳನ್ನು ತುಂಬಿದ್ದಾರೆ. ಅಜ್ಜಿ ಈಗ ಇಲ್ಲ. ಅವರ ಬಾಯಿಂದ ಕಲಿತ ಪದಗಳು ದೊಡ್ಡಮ್ಮನೊಬ್ಬರಿಗೆ ಬರುತ್ತವೆ, ಅವೂ ಅರ್ಧದಷ್ಟು. ಆದ್ದರಿಂದ ತಂಗಿಯ ಬೇಡಿಕೆ ಒಂದೇ ಆಗಿತ್ತು: ದೊಡ್ಡಮ್ಮ ಹೇಳುವ ಪದ, ಪುರೋಹಿತರ ಮಂತ್ರ, ಧಾರೆಯ ಹೊತ್ತಿನ ವಾಲಗ ಇವೆಲ್ಲ ಇದ್ದಂತೆಯೇ ಕೇಳಿಸಬೇಕು.

ಮೈಸೂರಿನ ಸ್ಟುಡಿಯೋಗಳಲ್ಲಿ ನಮಗೆ ತೋರಿಸಿದ್ದೆಲ್ಲ ಟೀಸರ್‌ಗಳು. ಲಲಿತಮಹಲ್‌ನ ಮುಂದೆ, ಕಾರಂಜಿ ಕೆರೆಯ ದಂಡೆಯಲ್ಲಿ, ಚಾಮುಂಡಿಬೆಟ್ಟದ ತಿರುವಿನಲ್ಲಿ ಚಿತ್ರೀಕರಿಸಿದ ಜೋಡಿಗಳು ನಿಜಕ್ಕೂ ಸುಂದರವಾಗಿ ಕಾಣುತ್ತಿದ್ದರು, ಆ ಕೆಲಸದ ಹಿಂದಿನ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಟೀಸರ್ ನೋಡಿ ಧ್ವನಿಯ ಗುಣವನ್ನು ಅಳೆಯಲು ಸಾಧ್ಯವೇ ಇಲ್ಲ. ಸೆಕೆಂಡಿಗೆ 50 ಅಥವಾ 100 ಫ್ರೇಮಿನಂತೆ ತೆಗೆದದ್ದನ್ನು 25 ಫ್ರೇಮಿನ ವೇಗದಲ್ಲಿ ಓಡಿಸಿದಾಗ ಅಕ್ಷತೆ ನಿಧಾನವಾಗಿ ಬೀಳುವ ಆ ನೋಟ ದೊರೆಯುತ್ತದೆ. ಹಾಗೆ ನಿಧಾನಗೊಳಿಸಿದ ದೃಶ್ಯದ ಜೊತೆಗೆ ಆ ಕ್ಷಣದ ಮಾತು ಹೊಂದುವುದಿಲ್ಲವಾದ್ದರಿಂದ ಮೇಲೆ ಹಾಡು ಹಾಕಲೇಬೇಕಾಗುತ್ತದೆ. ಹೀಗಾಗಿ ಹೋದಲ್ಲೆಲ್ಲ ನಾನು ಧಾರೆಯ ಮುಹೂರ್ತದ ಭಾಗವನ್ನು ಕತ್ತರಿಸದೆ, ಹಾಡು ಸೇರಿಸದೆ ತೋರಿಸುವಂತೆ ಕೇಳಿಕೊಂಡೆ. ಒಂದು ಕಡೆ ಅಂಥದ್ದನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಇನ್ನೊಂದು ಕಡೆ ತೋರಿಸಿದರಾದರೂ ಮಂತ್ರವೆಲ್ಲ ದೂರದ ಸಭಾಂಗಣದ ಗದ್ದಲದಲ್ಲಿ ಕರಗಿಹೋಗಿತ್ತು, ಕ್ಯಾಮೆರಾದ ಮೇಲಿನ ಪುಟ್ಟ ಮೈಕನ್ನೇ ನಂಬಿದ್ದರೆಂಬುದು ಅಲ್ಲಿಯೇ ತಿಳಿಯಿತು. ಮತ್ತೊಬ್ಬರು 4ಕೆ ಗುಣಮಟ್ಟವನ್ನು ಬಹಳ ಹೊತ್ತು ವಿವರಿಸಿದರು. 4ಕೆಯಲ್ಲಿ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್‌ಗಳಿರುವುದು ನಿಜ, ಆದರೆ ನಮ್ಮ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಡ್ರೋನ್ ವಿಷಯ ಬೇಗ ಮುಗಿಯಿತು. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಸುತ್ತಲ ಹನ್ನೆರಡು ಕಿಲೋಮೀಟರ್‌ವರೆಗೆ ಬೇರೆ ಬೇರೆ ನಿರ್ಬಂಧಗಳಿವೆ, ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಗೆ ಹತ್ತಿರದ ಮಂಟಪಗಳವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮಂಡ್ಯ ಆ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಮಂಟಪದೊಳಗೆ ನಡೆಯುವ ಮದುವೆಗೆ ಅದು ಬೇಡವೆಂದು ತಂಗಿಯೇ ನಿರ್ಧರಿಸಿದಳು.

ಮಂಡ್ಯದಲ್ಲಿ ನಾವು ಕಂಡವರದು ಪೇಟೆಯ ಮಹಡಿಯೊಂದರಲ್ಲಿದ್ದ ಸಣ್ಣ ಸ್ಟುಡಿಯೋ. ಅವರು ಟೀಸರ್ ಹಾಕುವ ಮೊದಲೇ ನಮ್ಮನ್ನು ಪ್ರಶ್ನಿಸತೊಡಗಿದರು. ಅರಿಶಿನ ಶಾಸ್ತ್ರ ಊರಿನ ಮನೆಯ ಚಪ್ಪರದಲ್ಲೋ, ಮಂಟಪದಲ್ಲೋ? ಸೋಬಾನೆ ಹೇಳುವವರು ಎಷ್ಟು ಜನ, ಯಾವ ಕಡೆ ಕೂರುತ್ತಾರೆ? ಧಾರೆ ಎರೆಯುವಾಗ ಸೋದರಮಾವ ಎಲ್ಲಿ ನಿಲ್ಲುತ್ತಾರೆ? ವಾಲಗದವರನ್ನು ಕೂರಿಸುವ ಜಾಗ ಯಾವುದು? ಶಾಸ್ತ್ರಗಳ ಕ್ರಮ ತಿಳಿದವರು ಮಾತ್ರ ಕೇಳಬಲ್ಲ ಪ್ರಶ್ನೆಗಳಿವು. ಮುಂದೆ ಏನು ನಡೆಯಲಿದೆ ಎಂದು ಗೊತ್ತಿಲ್ಲದ ಕ್ಯಾಮೆರಾದವರು ತೆರೆ ಸರಿಯುವ ಹೊತ್ತಿಗೆ ಜಾಗ ಹುಡುಕುತ್ತಾ, ಜೀರಿಗೆ ಬೆಲ್ಲ ನೋಡಲೆಂದು ಕಾದು ಕುಳಿತ ಬಂಧುಗಳಿಗೆ ಬೆನ್ನು ಅಡ್ಡ ಹಿಡಿಯುವುದನ್ನು ನಾನು ಅನೇಕ ಮದುವೆಗಳಲ್ಲಿ ಕಂಡಿದ್ದೇನೆ.

ನಂತರ ಅವರು ಹೆಡ್‌ಫೋನ್ ಕೊಟ್ಟು, ಯಾರದೋ ಮದುವೆಯ ಧಾರೆಯನ್ನು, ಆ ಮನೆಯವರ ಒಪ್ಪಿಗೆ ಇದೆಯೆಂದು ಹೇಳಿ, ಪೂರ್ತಿ ತೋರಿಸಿದರು. ಪುರೋಹಿತರ ಶಲ್ಯಕ್ಕೆ ಸಿಕ್ಕಿಸಿದ ಮೈಕ್ ಒಂದು, ವಾಲಗದಿಂದ ದೂರದಲ್ಲಿಟ್ಟ ರೆಕಾರ್ಡರ್ ಇನ್ನೊಂದು. ಮಂತ್ರಕ್ಕೆ ಹೊಂದಿಸಿದ ಮಟ್ಟದಲ್ಲಿಯೇ ಗಟ್ಟಿಮೇಳವನ್ನು ದಾಖಲಿಸಿದರೆ ಡೋಲಿನ ಪೆಟ್ಟಿಗೆ ಧ್ವನಿ ಒಡೆದುಹೋಗುತ್ತದೆ, ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಅದಕ್ಕಾಗಿ ಎರಡನೆಯ ಟ್ರ್ಯಾಕನ್ನು ಕಡಿಮೆ ಮಟ್ಟದಲ್ಲಿಟ್ಟುಕೊಳ್ಳುತ್ತೇವೆ ಎಂದು ವಿವರಿಸಿದರು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆಗಿರುವುದರಿಂದ ಷಟರ್ ವೇಗವನ್ನು ಅದಕ್ಕೆ ಹೊಂದಿಸದಿದ್ದರೆ ಮಂಟಪದ ದೀಪಗಳ ಬೆಳಕು ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆಂದೂ, ಮುನ್ನಾ ದಿನದ ಆರತಕ್ಷತೆಯಲ್ಲಿಯೇ ಅದನ್ನು ಪರೀಕ್ಷಿಸಿಕೊಳ್ಳುತ್ತೇವೆಂದೂ ಹೇಳಿದರು. ತಂಗಿ ಹೆಡ್‌ಫೋನ್ ತೆಗೆದು ನನ್ನ ಕಡೆ ನೋಡಿದಾಗ ಹುಡುಕಾಟ ಮುಗಿಯಿತೆಂದು ನನಗೆ ಅರ್ಥವಾಯಿತು.

ಒಪ್ಪಂದವನ್ನು ಅಂದೇ ಕಾಗದದ ಮೇಲೆ ಬರೆದುಕೊಂಡೆವು. ಅವರೇ ಖುದ್ದಾಗಿ ಬರಬೇಕು, ಬೇರೆಯವರನ್ನು ಕಳಿಸಬಾರದು. ಎರಡು ಕಾರ್ಡುಗಳಲ್ಲಿ ಏಕಕಾಲಕ್ಕೆ ದಾಖಲಿಸುವ ಕ್ಯಾಮೆರಾ ಬಳಸಬೇಕು. ನಾವು ಕೊಡುವ ಹಾರ್ಡ್‌ಡಿಸ್ಕಿಗೆ ಎಡಿಟ್ ಮಾಡದ ಫುಟೇಜನ್ನೂ ಪ್ರತ್ಯೇಕ ಧ್ವನಿ ಕಡತಗಳನ್ನೂ ತುಂಬಬೇಕು. ಹಣದ ಕೊನೆಯ ಕಂತು ಅದು ಕೈಸೇರಿದ ಮೇಲೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊ ಮತ್ತು ಚಲನಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದೇ. ಮೈಸೂರಿನಲ್ಲಿ ನೋಡಿದ ಮುದ್ರಿತ ಕರಾರೊಂದರಲ್ಲಿ ಈ ಹಕ್ಕು ಸ್ಟುಡಿಯೋದ್ದೆಂದು ಸಣ್ಣ ಅಕ್ಷರದಲ್ಲಿತ್ತು. ಸಹಿ ಹಾಕುವ ಮೊದಲು ಆ ಸಾಲನ್ನು ಹುಡುಕಿ ಓದುವಂತೆ ಮದುವೆ ಮಾಡುವ ಎಲ್ಲರನ್ನೂ ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮಂಡ್ಯದವರು ನಮ್ಮ ವಿಡಿಯೋವನ್ನು ಪ್ರಚಾರಕ್ಕೆ ಬಳಸುವ ಮೊದಲು ನಮ್ಮನ್ನು ಕೇಳುವುದಾಗಿ ಬರೆದುಕೊಟ್ಟರು.

ಮದುವೆ ಮುಗಿದು ಹಾರ್ಡ್‌ಡಿಸ್ಕ್ ಬಂದಿದೆ, ಅದರ ಒಂದು ಪ್ರತಿ ತಂಗಿಯ ಮನೆಯಲ್ಲಿಯೂ ಇದೆ. ದೊಡ್ಡಮ್ಮನ ಮೊಮ್ಮಗಳು ಧ್ವನಿ ಕಡತಗಳನ್ನು ಕೇಳುತ್ತಾ ಸೋಬಾನೆ ಪದಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಒಂದು ಪದದ ಕೊನೆಯ ನುಡಿಯ ಹೊತ್ತಿಗೆ ವಾಲಗ ಶುರುವಾಗಿ ಕೆಲವು ಮಾತುಗಳು ಮುಚ್ಚಿಹೋಗಿವೆ. ಮುಂದಿನ ಸಲ ಊರಿಗೆ ಹೋದಾಗ ಅವನ್ನು ದೊಡ್ಡಮ್ಮನಿಂದಲೇ ಮತ್ತೆ ಹೇಳಿಸಿ ತುಂಬಿಕೊಳ್ಳಬೇಕೆಂದು ಪುಟದಲ್ಲಿ ಜಾಗ ಬಿಟ್ಟಿದ್ದಾಳೆ.