ಸೊಂಟದಲ್ಲಿ ಇನ್ಸುಲಿನ್ ಪಂಪ್ ಕಟ್ಟಿಕೊಂಡು ಕಾಶಿಗೆ: ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆ ದಾಟಿದ ಬಗೆ

ನನ್ನ ಮಗಳಿಗೆ ಈಗ 13 ವರ್ಷ. ಏಳನೇ ವಯಸ್ಸಿನಲ್ಲಿ ಟೈಪ್ 1 ಡಯಾಬಿಟಿಸ್ ಬಂತು. ಈಗ ಸೊಂಟದಲ್ಲಿ ದಿನವಿಡೀ ಸ್ವಲ್ಪ ಸ್ವಲ್ಪವೇ ಇನ್ಸುಲಿನ್ ಕೊಡುವ ಪಂಪ್ ಇದೆ, ತೋಳಿನ ಹಿಂಭಾಗದಲ್ಲಿ ಶುಗರ್ ನೋಡುವ ಸೆನ್ಸರ್ ಅಂಟಿಕೊಂಡಿದೆ. ನಮ್ಮ ಅಮ್ಮನಿಗೆ 74. ಎದೆಯಲ್ಲಿ ಪೇಸ್‌ಮೇಕರ್. ಕಾಶಿ ನೋಡಬೇಕು ಅನ್ನೋದು ಅಮ್ಮನ ಬಹಳ ವರ್ಷದ ಆಸೆ. ಅಷ್ಟು ದೂರ ರೈಲಿನಲ್ಲಿ ಕೂರೋದು ಅವರಿಗೆ ಆಗೋದಿಲ್ಲ. ಹಾಗಾಗಿ ಬೆಂಗಳೂರಿನಿಂದ ವಾರಾಣಸಿಗೆ ವಿಮಾನದಲ್ಲೇ ಹೋಗಿ ಬಂದೆವು. ನನ್ನ ಹೆಂಡತಿಗೆ ರಜೆ ಸಿಗಲಿಲ್ಲ. ಹೋದದ್ದು ನಾವು ಮೂವರೇ.

ಹೆಂಡತಿ ಬರುತ್ತಿಲ್ಲ ಅಂದಾಗ ನನಗೆ ಮೊದಲು ನೆನಪಾದದ್ದು ಸೆಕ್ಯುರಿಟಿ ಸಾಲು. ವಿಮಾನ ನಿಲ್ದಾಣದಲ್ಲಿ ಗಂಡಸರಿಗೆ ಒಂದು ಸಾಲು, ಹೆಂಗಸರಿಗೆ ಒಂದು. ಹೆಂಗಸರನ್ನು ಪರದೆ ಕಟ್ಟಿದ ಜಾಗದಲ್ಲಿ ಮಹಿಳಾ ಸಿಬ್ಬಂದಿಯೇ ಪರೀಕ್ಷಿಸುತ್ತಾರೆ. ಅದು ಸರಿಯಾದ ವ್ಯವಸ್ಥೆಯೇ. ಆದರೆ ಅಪ್ಪನಾದ ನಾನು ಅಲ್ಲಿಗೆ ಹೋಗುವಂತಿಲ್ಲ. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರೋದಿಲ್ಲ. ಅಂದರೆ ಪಂಪ್ ಬಗ್ಗೆಯೂ ಪೇಸ್‌ಮೇಕರ್ ಬಗ್ಗೆಯೂ ನನ್ನ ಮಗಳೇ ಹೇಳಬೇಕು. ಮಗಳ ಜೊತೆ ಅಪ್ಪ ಮಾತ್ರ, ಅಥವಾ ಮಗನ ಜೊತೆ ಅಮ್ಮ ಮಾತ್ರ ಹೊರಟಿದ್ದರೆ, ಈ ಒಂದು ವಿಷಯವನ್ನು ಟಿಕೆಟ್ ಮಾಡಿಸುವ ದಿನವೇ ಯೋಚಿಸಿ.

ನಮಗೆ ಇದರ ಹಿಂದೆ ಒಂದು ಕೆಟ್ಟ ಅನುಭವ ಇತ್ತು. ಎರಡು ವರ್ಷದ ಹಿಂದೆ ಬೇರೊಂದು ಊರಿನ ವಿಮಾನ ನಿಲ್ದಾಣದಲ್ಲಿ ತುಂಬಾ ರಶ್ ಇತ್ತು. "ಮೈ ಮೇಲಿರೋದೆಲ್ಲ ತೆಗೆದು ಟ್ರೇಗೆ ಹಾಕಿ" ಅಂತ ಕೂಗುತ್ತಿದ್ದರು. ಮಗಳು ಹೆದರಿ ಪಂಪ್ ಬಿಚ್ಚಿ ಟ್ರೇಗೆ ಹಾಕಿಬಿಟ್ಟಳು. ಅದು ಎಕ್ಸ್‌ರೇ ಯಂತ್ರದೊಳಗೆ ಹೋಗಿಯೇಬಿಟ್ಟಿತು. ಪಂಪ್ ಎಕ್ಸ್‌ರೇಗೆ ಹಾಕಬಾರದು ಅಂತ ಅದರ ಕೈಪಿಡಿಯಲ್ಲೇ ಬರೆದಿದೆ. ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ಇನ್ಸುಲಿನ್ ಜಾಸ್ತಿ ಹೋಗಬಹುದು, ಅಥವಾ ಹೋಗದೇ ಇರಬಹುದು. ಮನೆ ಸೇರುವವರೆಗೂ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿದೆವು. ಅದೃಷ್ಟಕ್ಕೆ ಏನೂ ಆಗಲಿಲ್ಲ. ಆ ಸಂಜೆ ಅವಳು ಒಂದು ಮಾತೂ ಆಡದೆ ಕೂತಿದ್ದಳು. ಇನ್ನೊಮ್ಮೆ ಹಾಗೆ ಆಗಬಾರದು ಅಂತಲೇ ಈ ಸಲ ಇಷ್ಟು ತಯಾರಿ.

ಮೊದಲು ಯಂತ್ರಗಳ ವಿಷಯ. ಎಲ್ಲರೂ ನಡೆದು ದಾಟುವ ಬಾಗಿಲಿನಂಥ ಮೆಟಲ್ ಡಿಟೆಕ್ಟರ್ ಇರುತ್ತದಲ್ಲ, ಅದರಿಂದ ನಮ್ಮ ಪಂಪಿಗೂ ಸೆನ್ಸರಿಗೂ ತೊಂದರೆ ಇಲ್ಲ. ಬೀಪ್ ಅನ್ನಬಹುದು, ಅಷ್ಟೇ. ತಪ್ಪಿಸಬೇಕಾದ್ದು ಎರಡು. ಬ್ಯಾಗ್ ಹೋಗುವ ಎಕ್ಸ್‌ರೇ ಒಂದು. ಒಳಗೆ ನಿಂತು ಎರಡೂ ಕೈ ಮೇಲೆತ್ತುವ ಬಾಡಿ ಸ್ಕ್ಯಾನರ್ ಇನ್ನೊಂದು. ಅಂಥ ಸ್ಕ್ಯಾನರ್ ಕಂಡರೆ ಕೈಯಿಂದ ಪರೀಕ್ಷೆ ಮಾಡಿ ಅಂತ ಕೇಳಿಕೊಳ್ಳಬೇಕು. ಪಂಪ್ ಇಲ್ಲದೆ ಲಿಬ್ರೆಯಂಥ ಸೆನ್ಸರ್ ಮಾತ್ರ ಹಾಕಿಕೊಂಡವರೂ ತಮ್ಮ ಮಾಡೆಲ್‌ನ ಕೈಪಿಡಿ ತೆಗೆದು ಓದಿಕೊಳ್ಳಿ. ಒಂದೊಂದು ಕಂಪನಿಯದು ಒಂದೊಂದು ನಿಯಮ. ಪಕ್ಕದ ಮನೆಯವರು ಹೇಳಿದ್ದನ್ನು ನಂಬಿ ಹೋಗಬೇಡಿ.

"ಐದು ನಿಮಿಷ ಬಿಚ್ಚಿಟ್ಟರೆ ಏನಾಗುತ್ತೆ?" ಅಂತ ನೆಂಟರೊಬ್ಬರು ಕೇಳಿದ್ದರು. ಐದು ನಿಮಿಷಕ್ಕೆ ಏನೂ ಆಗೋದಿಲ್ಲ, ನಿಜ. ಆದರೆ ಪಂಪಿನಲ್ಲಿ ಇರೋದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಇವಳ ಮೈಯಲ್ಲಿ ಇರೋದಿಲ್ಲ. ಗಡಿಬಿಡಿಯಲ್ಲಿ ಮತ್ತೆ ಸಿಕ್ಕಿಸುವುದು ಮರೆತರೆ, ಅಥವಾ ಸರಿಯಾಗಿ ಕೂರದಿದ್ದರೆ, ಕೆಲವೇ ಗಂಟೆಗಳಲ್ಲಿ ಶುಗರ್ ಏರಿ, ರಕ್ತದಲ್ಲಿ ಕೀಟೋನ್ ಅನ್ನುವ ಅಪಾಯದ ಆಮ್ಲ ಸೇರಲು ಶುರುವಾಗುತ್ತದೆ. ಅಷ್ಟರಲ್ಲಿ ನೀವು ಆಕಾಶದಲ್ಲಿ ಇರುತ್ತೀರಿ.

ಡಾಕ್ಟರ ಪತ್ರ ಇಲ್ಲದೆ ಹೊರಡಬೇಡಿ. ನಾವು ಹದಿನೈದು ದಿನ ಮೊದಲೇ ಬರೆಸಿದೆವು. ಹೆಸರು ಆಧಾರ್ ಮತ್ತು ಟಿಕೆಟ್‌ನಲ್ಲಿ ಇದ್ದ ಹಾಗೇ ಇರಬೇಕು. ಟೈಪ್ 1 ಇದೆ, ಪಂಪ್ ಮತ್ತು ಸೆನ್ಸರ್ ಮೈಗೆ ಜೋಡಿಸಿದೆ, ಅದನ್ನು ತೆಗೆಯಬಾರದು, ಎಕ್ಸ್‌ರೇ ಮತ್ತು ಬಾಡಿ ಸ್ಕ್ಯಾನರ್ ಬೇಡ, ಜೊತೆಗೆ ಇನ್ಸುಲಿನ್, ಸೂಜಿ, ಬೆರಳು ಚುಚ್ಚುವ ಲ್ಯಾನ್ಸೆಟ್, ಗ್ಲೂಕೋಸ್ ಇರುತ್ತದೆ, ಇಷ್ಟೂ ಒಂದೇ ಪುಟದಲ್ಲಿ ಇಂಗ್ಲಿಷ್‌ನಲ್ಲಿ ಬರಲಿ. ಕೆಳಗೆ ತಾರೀಖು, ಸಹಿ, ಸೀಲು, ಡಾಕ್ಟರ ನೋಂದಣಿ ಸಂಖ್ಯೆ. ಉದ್ದುದ್ದ ಬರೆಸಬೇಡಿ. ಸಾಲಿನಲ್ಲಿ ನಿಂತು ಎರಡು ಪುಟ ಓದಲು ಯಾರಿಗೂ ಪುರಸೊತ್ತು ಇರೋದಿಲ್ಲ. ನಮ್ಮ ಬಳಿ ಮೂರು ಪ್ರತಿ ಇತ್ತು: ಒಂದು ಮಗಳ ಕೈಯಲ್ಲಿ, ಒಂದು ನನ್ನ ಹತ್ತಿರ, ಇನ್ನೊಂದು ಔಷಧಿ ಬ್ಯಾಗಿನಲ್ಲಿ. ಅಮ್ಮನಿಗೆ ಪೇಸ್‌ಮೇಕರ್ ಇದೆ ಅಂತ ತೋರಿಸುವ ಕಾರ್ಡನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊರಳಿಗೇ ನೇತುಹಾಕಿದೆವು.

ಆಮೇಲೆ ಅಭ್ಯಾಸ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ಮೆಟ್ರೋ ನಿಲ್ದಾಣದಲ್ಲೂ ಬ್ಯಾಗಿಗೆ ಎಕ್ಸ್‌ರೇ ಇದೆ, ಮೆಟಲ್ ಡಿಟೆಕ್ಟರ್ ಇದೆ, ಹೆಂಗಸರಿಗೆ ಬೇರೆ ತಪಾಸಣೆ ಇದೆ. ವಿಮಾನ ತಪ್ಪುತ್ತದೆ ಅನ್ನುವ ಭಯ ಮಾತ್ರ ಇಲ್ಲ. ಎರಡು ಭಾನುವಾರ ಬನಶಂಕರಿ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಹೋಗಿ ಬಂದೆವು. ನಾನು ಬೇಕಂತಲೇ ಹಿಂದೆ ನಿಂತೆ. ಮೊದಲ ಸಲ ಬೀಪ್ ಬಂದ ಮೇಲೆ ತಡವರಿಸಿ ಹೇಳಿದಳು. ಎರಡನೇ ಸಲ ಬಾಗಿಲು ದಾಟುವ ಮುಂಚೆಯೇ, "ಮೇಡಂ, ನಂಗೆ ಇನ್ಸುಲಿನ್ ಪಂಪ್ ಇದೆ, ಸೌಂಡ್ ಬರಬಹುದು" ಅಂದಳು. ಆ ಮೇಡಂ ನಕ್ಕು, "ಸರಿ ಪುಟ್ಟಾ, ಬಾ" ಅಂದರು. ಬೀಪ್ ಬಂದ ಮೇಲೆ ಹೇಳಿದರೆ ಅನುಮಾನದಿಂದ ಮಾತು ಶುರುವಾಗುತ್ತದೆ. ಮೊದಲೇ ಹೇಳಿದರೆ ಅವರು ನಮಗೆ ಸಹಾಯ ಮಾಡಲು ನಿಲ್ಲುತ್ತಾರೆ. ಎರಡು ಭಾನುವಾರದಲ್ಲಿ ಅವಳು ಕಲಿತದ್ದು ಇಷ್ಟೇ, ಆದರೆ ಪ್ರವಾಸ ಪೂರ್ತಿ ಅದೇ ಕೆಲಸಕ್ಕೆ ಬಂತು.

ವಿಮಾನ ನಿಲ್ದಾಣದಲ್ಲಿ ಇರುವುದು ಸಿಐಎಸ್‌ಎಫ್, ಅಂದರೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿ. ದೇಶದ ಎಲ್ಲ ಕಡೆಯವರೂ ಅದರಲ್ಲಿ ಇರುತ್ತಾರೆ. ಹಾಗಾಗಿ ನಾಲ್ಕು ಮಾತು ಹಿಂದಿಯಲ್ಲೂ ಕಲಿಸಿದೆ: "ಮೇಡಂ, ಯೇ ಇನ್ಸುಲಿನ್ ಪಂಪ್ ಹೈ. ನಿಕಾಲ್‌ನಾ ನಹೀ ಹೈ. ಹಾಥ್ ಸೇ ಚೆಕ್ ಕೀಜಿಯೇ." (ಇದು ಇನ್ಸುಲಿನ್ ಪಂಪ್, ತೆಗೆಯುವಂತಿಲ್ಲ, ಕೈಯಿಂದ ಪರೀಕ್ಷಿಸಿ.) ಅಜ್ಜಿಗಾಗಿ ಇನ್ನೊಂದು: "ಯೇ ಮೇರಿ ದಾದಿ ಹೈಂ, ಇನ್ ಕೋ ಪೇಸ್‌ಮೇಕರ್ ಹೈ." (ಇವರು ನನ್ನ ಅಜ್ಜಿ, ಇವರಿಗೆ ಪೇಸ್‌ಮೇಕರ್ ಇದೆ.)

ಪೇಸ್‌ಮೇಕರ್ ಲೆಕ್ಕ ಸ್ವಲ್ಪ ಬೇರೆ. ಮೆಟಲ್ ಡಿಟೆಕ್ಟರ್ ಬಾಗಿಲನ್ನು ಮಾಮೂಲಿ ನಡಿಗೆಯಲ್ಲಿ ದಾಟಬಹುದು, ಅದರಡಿ ನಿಲ್ಲಬಾರದು, ಒರಗಬಾರದು. ಕೈಯಲ್ಲಿ ಹಿಡಿದು ಆಡಿಸುವ ಡಿಟೆಕ್ಟರನ್ನು ಎದೆಯ ಮೇಲೆ ಹಿಡಿದಿಟ್ಟುಕೊಳ್ಳಬಾರದು. ಕಾರ್ಡ್ ತೋರಿಸಿ ಕೈಯಿಂದ ಪರೀಕ್ಷಿಸಲು ಕೇಳಿದರೆ ಸಾಕು.

ಹೊರಡುವ ದಿನದ ಬಟ್ಟೆಯನ್ನೂ ಯೋಚಿಸಿ. ಉದ್ದ ಫ್ರಾಕ್ ಬೇಡ. ಮೇಲೊಂದು ಕೆಳಗೊಂದು ಇದ್ದರೆ ಸೊಂಟದ ಹತ್ತಿರ ಸ್ವಲ್ಪ ಸರಿಸಿ ಪಂಪ್ ತೋರಿಸಬಹುದು. ತೋಳು ಸಡಿಲ ಇರಲಿ. ಲೋಹದ ಕ್ಲಿಪ್ಪು, ಬಳೆ ಬಿಟ್ಟು ಹೋಗಿ. ಆಗ ಬೀಪ್ ಬಂದರೆ ಅದು ಪಂಪಿನಿಂದಲೇ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಬನಶಂಕರಿಯಿಂದ ವಾಯು ವಜ್ರ ಬಸ್ ಹಿಡಿದೆವು. ದೇವನಹಳ್ಳಿ ಕಡೆಗೆ ಹೆಬ್ಬಾಳ ದಾಟುವುದೇ ಒಂದು ಪ್ರಯಾಣ, ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಇನ್ಸುಲಿನ್ ಬ್ಯಾಗ್ ನನ್ನ ತೊಡೆಯ ಮೇಲೇ ಇತ್ತು. ಕ್ಯಾಬಿನಲ್ಲಿ ಹೋಗುವವರು ಡಿಕ್ಕಿಗೆ ಹಾಕಬೇಡಿ, ಅಲ್ಲಿ ಕಾದು ಹೋಗುತ್ತದೆ. ಟಿಕೆಟ್‌ನಲ್ಲಿ ಟರ್ಮಿನಲ್ 1 ಅಥವಾ 2 ಅಂತ ಇರುತ್ತದೆ, ನೋಡಿಕೊಳ್ಳಿ. ಮುಖ ನೋಡಿ ಒಳಗೆ ಬಿಡುವ ಡಿಜಿಯಾತ್ರಾ ವ್ಯವಸ್ಥೆ 2022ರ ಡಿಸೆಂಬರ್ 1ರಂದು ಮೊದಲು ಶುರುವಾದ ಮೂರು ನಿಲ್ದಾಣಗಳಲ್ಲಿ ಬೆಂಗಳೂರು, ವಾರಾಣಸಿ ಎರಡೂ ಇವೆ. ಆದರೆ ಅದು ಬಾಗಿಲಲ್ಲಿ ಗುರುತು ನೋಡುವುದಕ್ಕೆ ಮಾತ್ರ. ಮೈ ತಪಾಸಣೆ ಎಲ್ಲರಿಗೂ ಇದ್ದೇ ಇದೆ. ಮೂವರೂ ಒಟ್ಟಿಗೆ ಇರಲಿ ಅಂತ ನಾವು ಮಾಮೂಲಿ ಸಾಲಿನಲ್ಲೇ ನಿಂತೆವು.

ಚೆಕ್ ಇನ್ ಲಗೇಜಿಗೆ ಬಟ್ಟೆ ಮಾತ್ರ ಹೋಯಿತು. ಇನ್ಸುಲಿನ್ ಒಂದು ಬಾಟಲಿಯೂ ಅದರಲ್ಲಿ ಇರಬಾರದು. ಸಾಮಾನು ತುಂಬುವ ಜಾಗ ತುಂಬಾ ತಣ್ಣಗಾಗಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕೆ ಬರೋದಿಲ್ಲ. ಲಗೇಜ್ ಬೇರೆ ಊರಿಗೆ ಹೋದರಂತೂ ಮುಗಿಯಿತು. ಪವರ್ ಬ್ಯಾಂಕ್ ಕೂಡ ಕೈ ಬ್ಯಾಗಿನಲ್ಲೇ ಇರಬೇಕು, ಅದು ನಿಯಮ. ಕೈ ಬ್ಯಾಗಿನಲ್ಲಿ ಬೇಕಾದ್ದಕ್ಕಿಂತ ಎರಡು ಪಟ್ಟು ಪಂಪಿನ ಟ್ಯೂಬ್ ಸೆಟ್, ಸೆನ್ಸರ್, ಶುಗರ್ ನೋಡುವ ಸ್ಟ್ರಿಪ್ಸ್ ಇಟ್ಟಿದ್ದೆವು. ಪಂಪ್ ಕೈಕೊಟ್ಟರೆ ಇರಲಿ ಅಂತ ಬೇಗ ಕೆಲಸ ಮಾಡುವುದು, ದಿನವಿಡೀ ಕೆಲಸ ಮಾಡುವುದು, ಎರಡೂ ಬಗೆಯ ಇನ್ಸುಲಿನ್ ಪೆನ್ ಇತ್ತು.

ಸೆಕ್ಯುರಿಟಿಗೆ ಹೋಗುವ ಮೊದಲು ಶುಗರ್ ನೋಡಿದೆವು. 92, ಬಾಣ ಕೆಳಮುಖ, ಅಂದರೆ ಇನ್ನೂ ಇಳಿಯುತ್ತಿದೆ. ಅಲ್ಲೇ ನಿಂತು ಗ್ಲೂಕೋಸ್ ಮಾತ್ರೆ ತಿನ್ನಿಸಿದೆ. ಸಾಲಿನ ಮಧ್ಯೆ 70ಕ್ಕಿಂತ ಕೆಳಗೆ ಇಳಿದರೆ ಮಗು ಮಾತಾಡಲೂ ತಡವರಿಸುತ್ತದೆ. ಜ್ಯೂಸ್‌ಗಿಂತ ಮಾತ್ರೆ ವಾಸಿ. ದ್ರವ ಅಂತ ಯಾರೂ ತಡೆಯೋದಿಲ್ಲ, ಜೇಬಿನಲ್ಲೇ ಹಿಡಿಯುತ್ತದೆ. ಗ್ಲೂಕೋಸ್ ಪುಡಿ ಒಯ್ಯುವುದಾದರೆ ಒಡೆಯದ ಪ್ಯಾಕೆಟ್ಟೇ ಇರಲಿ. ಬಿಳಿ ಪುಡಿಯನ್ನು ಡಬ್ಬಿಗೆ ಸುರಿದುಕೊಂಡು ಹೋದರೆ ಸುಮ್ನೆ ಪ್ರಶ್ನೆಗಳು.

ಟ್ರೇ ಇಡುವಲ್ಲಿ ನಾನೇ ಮೊದಲು ಮಾತಾಡಿದೆ. ಇನ್ಸುಲಿನ್, ಪೆನ್, ಸೂಜಿ ಇದ್ದ ಬ್ಯಾಗ್ ಎಕ್ಸ್‌ರೇಗೆ ಹೋಯಿತು. ಹೊಸ ಸೆನ್ಸರ್‌ಗಳಿದ್ದ ಚಿಕ್ಕ ಚೀಲವನ್ನು ಪತ್ರ ತೋರಿಸಿ ಕೈಯಲ್ಲೇ ನೋಡಲು ಕೇಳಿಕೊಂಡೆ, ಬಿಚ್ಚಿ ನೋಡಿ ಕೊಟ್ಟರು. ಆಮೇಲೆ ಅವರಿಬ್ಬರೂ ಹೆಂಗಸರ ಸಾಲಿಗೆ ಹೋದರು. ನಾನು ನನ್ನ ತಪಾಸಣೆ ಮುಗಿಸಿ ಆಚೆ ಬದಿ ಕಾದೆ. ನಾಲ್ಕೈದು ನಿಮಿಷ ಇರಬಹುದು. ನನಗೆ ಅದು ಬಹಳ ಉದ್ದ ಅನ್ನಿಸಿತು.

ಒಳಗೆ ನಡೆದದ್ದನ್ನು ಮಗಳೇ ಹೇಳಿದಳು. ಅವಳು ಮೊದಲು ಅಜ್ಜಿಯ ಕಾರ್ಡ್ ತೋರಿಸಿದಳಂತೆ. ಅವರನ್ನು ಕೈಯಿಂದ ಪರೀಕ್ಷಿಸಿ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ತನ್ನ ಪತ್ರ ಕೊಟ್ಟಳು. ಅಧಿಕಾರಿ ಪಂಪನ್ನು ಅವಳ ಕೈಯಲ್ಲೇ ಹಿಡಿಸಿ, ಒಂದು ಸಣ್ಣ ಬಟ್ಟೆ ತುಂಡಿನಿಂದ ಪಂಪ್ ಮತ್ತು ಅಂಗೈ ಒರೆಸಿ ಯಂತ್ರಕ್ಕಿಟ್ಟು ನೋಡಿದರು. ಅದು ಸ್ಫೋಟಕದ ಅಂಶ ಇದೆಯಾ ಅಂತ ನೋಡುವ ಪರೀಕ್ಷೆ, ಪಂಪಿಗೆ ಏನೂ ಆಗೋದಿಲ್ಲ, ಒಪ್ಪಿಕೊಳ್ಳಿ. "ದರ್ದ್ ಹೋತಾ ಹೈ ಕ್ಯಾ?" (ನೋವಾಗುತ್ತಾ?) ಅಂತ ಕೇಳಿದರಂತೆ. ಇಲ್ಲ ಅಂದಳಂತೆ. ಬೋರ್ಡಿಂಗ್ ಪಾಸಿಗೆ ಸೀಲು ಬಿತ್ತು. ಅಜ್ಜಿಯ ಕೈ ಹಿಡಿದುಕೊಂಡು ಹೊರಗೆ ಬಂದಾಗ ಅವಳ ಮುಖ ನೋಡಿ ನನ್ನ ಕಣ್ಣು ತುಂಬಿತು.

ವಿಮಾನದೊಳಗೆ ಗಮನಿಸಬೇಕಾದ್ದು ಗಾಳಿಗುಳ್ಳೆ. ಮೇಲೇರುವಾಗ ಕ್ಯಾಬಿನ್ನಿನ ಗಾಳಿ ಒತ್ತಡ ಇಳಿಯುತ್ತದೆ. ಆಗ ಪಂಪಿನೊಳಗಿನ ಇನ್ಸುಲಿನ್‌ನಲ್ಲಿ ಗುಳ್ಳೆ ಏಳಬಹುದು, ಇದ್ದ ಗುಳ್ಳೆ ಹಿಗ್ಗಿ ಸ್ವಲ್ಪ ಇನ್ಸುಲಿನ್ ಜಾಸ್ತಿ ತಳ್ಳಬಹುದು. ಚಿಕ್ಕ ಮಕ್ಕಳಿಗೆ ಆ ಸ್ವಲ್ಪವೂ ಲೆಕ್ಕಕ್ಕೆ ಬರುತ್ತದೆ. ಏನು ಮಾಡಬೇಕು ಅಂತ ನಿಮ್ಮ ಡಾಕ್ಟರನ್ನು ಕೇಳಿ ಹೋಗಿ. ನಾವು ಮೇಲೆ ಹೋದ ಮೇಲೆ ಟ್ಯೂಬ್ ನೋಡಿ, ಅರ್ಧ ಗಂಟೆ ಬಿಟ್ಟು ಶುಗರ್ ನೋಡಿದೆವು. ಎರಡೂವರೆ ಗಂಟೆಯ ಪ್ರಯಾಣ ಆರಾಮಾಗಿ ಮುಗಿಯಿತು.

ಕಾಶಿಯಲ್ಲಿ ಇನ್ನೊಂದು ತಪಾಸಣೆ ಇದೆ, ಅದನ್ನು ಹೇಳಲೇಬೇಕು. ವಿಶ್ವನಾಥನ ಗುಡಿಯೊಳಗೆ ಮೊಬೈಲ್ ಬಿಡೋದಿಲ್ಲ, ಲಾಕರಿನಲ್ಲಿ ಇಟ್ಟು ಹೋಗಬೇಕು. ನಮ್ಮ ಪಂಪಿನ ಪರದೆಯಲ್ಲೇ ಶುಗರ್ ಕಾಣುತ್ತದೆ, ಪತ್ರ ನೋಡಿ ಪಂಪ್ ಒಳಗೆ ಬಿಟ್ಟರು. ಮೊಬೈಲಿನಲ್ಲೇ ಶುಗರ್ ನೋಡುವವರು ಲಾಕರಿಗೆ ಇಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಸಾಲು ಎಷ್ಟು ಹೊತ್ತು ಹಿಡಿಯುತ್ತದೋ ಗೊತ್ತಿರೋದಿಲ್ಲ. ಜೇಬಿನಲ್ಲಿ ಗ್ಲೂಕೋಸ್ ಮಾತ್ರೆ ಇರಲಿ. ಗೋದೌಲಿಯಾ ಹತ್ತಿರದ ನಮ್ಮ ರೂಮಿನಲ್ಲಿ ಫ್ರಿಜ್ ಇರಲಿಲ್ಲ. ನೀರಿನಲ್ಲಿ ನೆನೆಸಿ ತಂಪಾಗುವ ಪೌಚ್ ಒಯ್ದಿದ್ದೆವು. ಅಮ್ಮ ಒಂದು ಮಣ್ಣಿನ ಮಡಿಕೆ ಕೊಂಡು, ಸುತ್ತ ಒದ್ದೆ ಬಟ್ಟೆ ಕಟ್ಟಿ, ಪೌಚನ್ನು ಅದರೊಳಗೇ ಇಟ್ಟರು. ಇನ್ಸುಲಿನ್ ನಾಲ್ಕು ದಿನವೂ ಚೆನ್ನಾಗಿತ್ತು.

ವಾಪಸ್ ಬರುವಾಗ ಸಾಲಿನಲ್ಲಿ ನಾನು ಪತ್ರ ತೆಗೆಯಲು ಬ್ಯಾಗಿಗೆ ಕೈ ಹಾಕಿದೆ. ಅಷ್ಟರಲ್ಲಿ ಮಗಳು ತನ್ನ ಪ್ರತಿ ಬಿಡಿಸಿಕೊಂಡು, "ಅಪ್ಪಾ, ನೀನು ಆ ಕಡೆ ಹೋಗಿ ನಿಂತ್ಕೋ, ಅಜ್ಜಿನ ನಾನು ಕರ್ಕೊಂಡು ಬರ್ತೀನಿ" ಅಂದಳು.