ಸಾವಿರ ಸಲ ಓಡಿದ ಡ್ರೈವರ್

"ಸಾವಿರ ಸಲ ಓಡಿಸೇನ್ರಿ ಸರ್, ಒಮ್ಮೆನೂ ಹ್ಯಾಂಗ್ ಆಗಿಲ್ರಿ. ಮತ್ತ ಲಾಕ್ ಯಾಕ ಬೇಕ್ರಿ?"

ಈ ವಾರ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರ ಪ್ರಾಜೆಕ್ಟ್ ವೈವಾದಲ್ಲಿ ಕೇಳಿದ ಮಾತಿದು. ಹುಡುಗ ಚುರುಕು. ಯುಎಸ್‌ಬಿ ಸೆನ್ಸರ್ ಬೋರ್ಡಿಗೆ ತಾನೇ ಲಿನಕ್ಸ್ ಡ್ರೈವರ್ ಬರೆದಿದ್ದ, ಅಂದರೆ ಕರ್ನಲ್ (ಲಿನಕ್ಸಿನ ತಿರುಳು) ಒಳಗೆ ಓಡುತ್ತ ಬೋರ್ಡನ್ನು ನಡೆಸುವ ಕೋಡ್. ಲಾಕ್ ಅಂದರೆ ಒಂದು ಸಲಕ್ಕೆ ಒಬ್ಬರೇ ಡೇಟಾ ಮುಟ್ಟುವಂತೆ ಕಾಯುವ ಬೀಗ. ಅವನ ಗೈಡ್ ಮಾತ್ರ "ಡೆಮೊ ಓಡಾಕತ್ತೇತಲ್ರಿ, ಬಿಡ್ರಿ" ಅಂದು ಹಾಳೆ ತಿರುವಿದರು. ಹುಡುಗನ ಪ್ರಶ್ನೆಗಿಂತ ಆ "ಬಿಡ್ರಿ" ಹೆಚ್ಚು ಚುಚ್ಚಿತು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಗೈಡ್ ಕೆಲಸವಲ್ಲವೇ?

ಕೋಡಿನ ಐಆಕ್ಟಲ್ ಭಾಗ (ಪ್ರೋಗ್ರಾಂ ಡ್ರೈವರಿಗೆ ಅಪ್ಪಣೆ ಕೊಡುವ ಬಾಗಿಲು) ಹೀಗಿತ್ತು: ಯೂಸರ್ ಮೆಮೊರಿಯಿಂದ ಒಂದು ಸಂಖ್ಯೆ ತರುವ ಗೆಟ್_ಯೂಸರ್ ಮೂಲಕ ಡೇಟಾದ ಉದ್ದ ಓದಿ, ಅದು 256 ಮೀರಿದ್ದರೆ ವಾಪಸ್. ಆಮೇಲೆ ಕಾಪಿ_ಫ್ರಮ್_ಯೂಸರ್‌ನಿಂದ ಆ ಉದ್ದವೂ ಇರುವ ಇಡೀ ಹೆಡರನ್ನು (ಡೇಟಾದ ವಿವರಪಟ್ಟಿ) ಇನ್ನೊಮ್ಮೆ ತರಿಸಿ, ಅದರೊಳಗಿನ ಉದ್ದದಷ್ಟು ಡೇಟಾವನ್ನು 256 ಬೈಟಿನ ಬಫರಿಗೆ ತುಂಬುವುದು. ಆ ಮೆಮೊರಿ ಯೂಸರ್ ಪ್ರೋಗ್ರಾಮಿನದು. ಎರಡು ಓದಿನ ನಡುವೆ ಅದರ ಇನ್ನೊಂದು ಥ್ರೆಡ್ (ಜೊತೆಗೇ ಓಡುವ ಎಳೆ) 256 ಅಳಿಸಿ 4096 ಬರೆದರೆ ತಡೆಯುವವರು ಯಾರು? ಕಾಟಾದ ಮೇಲೆ ತೂಗಿದ ಚೀಲ ಒಂದು, ಲಾರಿ ಏರಿದ ಚೀಲ ಇನ್ನೊಂದು. ಇದು ಡಬಲ್ ಫೆಚ್. ತಮಾಷೆಯೆಂದರೆ ಇಲ್ಲಿ ಹುಡುಗ ಹೇಳಿದ್ದೇ ಖರೆ, ಲಾಕ್ ಹಾಕಿ ಉಪಯೋಗವಿಲ್ಲ. ಕರ್ನಲ್ಲಿನ ಮ್ಯೂಟೆಕ್ಸ್ ಎಂಬ ಲಾಕಿಗೆ ಯೂಸರ್ ಥ್ರೆಡ್ ಕಿವಿಗೊಡುವುದಿಲ್ಲ. ಒಮ್ಮೆ ಮಾತ್ರ ಕಾಪಿ ಮಾಡಿಕೊಂಡು, ಆ ಕಾಪಿಯನ್ನೇ ಪರೀಕ್ಷಿಸಿ, ಅದನ್ನೇ ಬಳಸಬೇಕು.

ಲಾಕ್ ಬೇಕಾದದ್ದು ಬೋರ್ಡ್ ಕಿತ್ತಾಗ ಓಡುವ ಡಿಸ್ಕನೆಕ್ಟ್‌ನಲ್ಲಿ. ಅಲ್ಲಿ ನೇರ ಕೆಫ್ರೀ (ಮೆಮೊರಿ ಬಿಟ್ಟುಕೊಡುವ ಕರೆ) ಇತ್ತು. ಒಂದು ಪ್ರೋಗ್ರಾಂ ರೀಡ್‌ನಲ್ಲಿ ಕಾಯುತ್ತಿರುವಾಗ ಬೋರ್ಡ್ ಕಿತ್ತರೆ, ಆ ರೀಡ್ ಡಿಸ್ಕನೆಕ್ಟ್ ಆಗಲೇ ಬಿಟ್ಟುಕೊಟ್ಟ ಮೆಮೊರಿಯನ್ನೇ ಮುಟ್ಟುತ್ತದೆ. ಅಷ್ಟರಲ್ಲಿ ಆ ಜಾಗಕ್ಕೆ ತನಗೆ ಬೇಕಾದ ಡೇಟಾ ತುಂಬಿದವನು ರೂಟ್ (ಮಷೀನಿನ ಪೂರ್ತಿ ಅಧಿಕಾರ) ತನಕ ಹೋಗಬಲ್ಲ. ಓಪನ್‌ನಲ್ಲಿ ಕೆರೆಫ್ (ಎಷ್ಟು ಮಂದಿ ಬಳಸುತ್ತಿದ್ದಾರೆಂಬ ಎಣಿಕೆ) ಏರಿಸಿ, ರಿಲೀಸ್‌ನಲ್ಲಿ ಇಳಿಸಬೇಕು. ಡಿಸ್ಕನೆಕ್ಟ್‌ನಲ್ಲಿ ಮ್ಯೂಟೆಕ್ಸ್ ಹಿಡಿದು "ಡಿವೈಸ್ ಹೋಯಿತು" ಎಂಬ ಫ್ಲ್ಯಾಗ್ ಏರಿಸಿ, ಮ್ಯೂಟೆಕ್ಸ್ ಬಿಟ್ಟು, ಬಾಕಿ ಯುಆರ್‌ಬಿಗಳನ್ನು (ಯುಎಸ್‌ಬಿ ಕೋರಿಕೆಗಳು) ರದ್ದು ಮಾಡಿ, ಕಾಯುತ್ತಿರುವವರನ್ನು ಎಬ್ಬಿಸಬೇಕು. ಫ್ರೀ ಆಗುವುದು ಕೆರೆಫ್ ಸೊನ್ನೆಗೆ ಇಳಿದಾಗಲೇ.

ಹಾಗಾದರೆ ಸಾವಿರ ಸಲ ಯಾಕೆ ಬೀಳಲಿಲ್ಲ? ಅವನ ವರ್ಚುವಲ್ ಮಷೀನಿಗೆ ಇದ್ದದ್ದು ಒಂದೇ ಕೋರ್, ಎರಡು ಥ್ರೆಡ್ ನಿಜಕ್ಕೂ ಒಟ್ಟಿಗೆ ಓಡುವುದಿಲ್ಲ. ಮೇಲೆ ಸಾಲಿಗೊಂದು ಪ್ರಿಂಟ್‌ಕೆ (ಕರ್ನಲ್ ಲಾಗಿಗೆ ಬರೆಯುವ ಕರೆ), ಅದರಿಂದಲೇ ಟೈಮಿಂಗ್ ಬದಲಾಗಿ ದೋಷ ಅಡಗುತ್ತದೆ. ದಾಳಿಕೋರನಿಗೆ ಅದೃಷ್ಟ ಬೇಕಿಲ್ಲ. ಮೆಮೊರಿ ಓದನ್ನು ಯೂಸರ್ ಪ್ರೋಗ್ರಾಮೇ ತಡೆದು ನಿಲ್ಲಿಸಬಲ್ಲ ಲಿನಕ್ಸ್ ಸೌಲಭ್ಯಗಳಾದ ಯೂಸರ್‌ಫಾಲ್ಟ್‌ಎಫ್‌ಡಿ ಅಥವಾ ಫ್ಯೂಸ್ ಹಿಡಿದು ಕಾಪಿಯನ್ನು ನಡುವೆಯೇ ನಿಲ್ಲಿಸಿ, ಆ ಕಿರಿದಾದ ಕಿಂಡಿಯನ್ನು ಬೇಕಾದಷ್ಟು ಹೊತ್ತು ತೆರೆದಿಡುತ್ತಾನೆ. ಯೂಸರ್‌ಫಾಲ್ಟ್‌ಎಫ್‌ಡಿ ದಾರಿಯನ್ನು ಸಾಮಾನ್ಯ ಯೂಸರ್‌ಗೆ ಲಿನಕ್ಸ್ ಕರ್ನಲ್ 5.11ರಿಂದ ಡಿಫಾಲ್ಟ್ ಆಗಿಯೇ ಬಿಗಿ ಮಾಡಿದ್ದು ಇದಕ್ಕೇ.

ಹುಡುಗನನ್ನೊಬ್ಬನನ್ನೇ ಬೈದು ಏನು ಫಲ? ಲಿನಕ್ಸಿನ ಎನ್_ಎಚ್‌ಡಿಎಲ್‌ಸಿ ಎಂಬ ಸೀರಿಯಲ್ ಲೈನ್ ಡ್ರೈವರಿಗೆ 2009ರಲ್ಲಿ ಹೊಕ್ಕ ರೇಸ್ (ಯಾರು ಮೊದಲು ಮುಟ್ಟಿದರೆಂಬುದರ ಮೇಲೆ ನಿಂತ ದೋಷ) 2017ರವರೆಗೆ ಹಾಗೇ ಇತ್ತು. ಭದ್ರತಾ ಸಂಶೋಧಕ ಅಲೆಕ್ಸಾಂಡರ್ ಪೊಪೊವ್ ಅದನ್ನು ಬಯಲಿಗೆ ತಂದರು, ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ನಂಬರು ಸಿವಿಇ-2017-2636. ಕಳಿಸುವ ಕೈ, ಖಾಲಿ ಮಾಡುವ ಕೈ ಎರಡೂ ಒಂದೇ ಬಫರನ್ನು ಫ್ರೀ ಲಿಸ್ಟಿಗೆ (ಖಾಲಿ ಬಫರುಗಳ ಪಟ್ಟಿ) ಸೇರಿಸಿ, ಕೊನೆಗೆ ಅದು ಎರಡು ಸಲ ಫ್ರೀ ಆಗುತ್ತಿತ್ತು. ಆ ಎಂಟು ವರ್ಷ ಅದೂ "ಓಡಾಕತ್ತೇತಲ್ರಿ" ಅನ್ನೋ ಡ್ರೈವರೇ.

ವೈವಾ ಹಾಳೆಯಲ್ಲಿ ಡೆಮೊಗೆ ಅಂಕದ ಕಾಲಂ ಇದೆ, ಕೆಡವಿ ನೋಡಿದ್ದಕ್ಕೆ ಇಲ್ಲ. ಇದ್ದಿದ್ದರೆ ಕೇಳಬಹುದಿತ್ತು: ನಾಲ್ಕು ಕೋರ್ ಕೊಡು, ಕರ್ನಲ್ಲನ್ನು ಒಮ್ಮೆ ಕೆಸಾನ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಹಾಕಿ, ಇನ್ನೊಮ್ಮೆ ಕೆಸಿಸಾನ್ (ರೇಸ್ ಹಿಡಿಯುವ ಸಾಧನ) ಹಾಕಿ ಬಿಲ್ಡ್ ಮಾಡು, ಎರಡು ಟರ್ಮಿನಲ್‌ನಲ್ಲಿ ರೀಡ್ ಓಡುತ್ತಿರುವಾಗಲೇ ಕೇಬಲ್ ಕಿತ್ತು, ಡಿಮೆಸೆಜ್ (ಕರ್ನಲ್ ಲಾಗು) ತೋರಿಸು.