ಮನೆ ಮುಗಿದ ಮೇಲೆ ಮಣ್ಣಿನ ಸರದಿ

ಮನೆ ಮುಗಿಯಿತು ಎಂದು ಎಲ್ಲರೂ ಹೇಳತೊಡಗಿದ ಹೊತ್ತಿಗೆ ಮನೆ ಕಟ್ಟಲು ನಮಗೆ ಕೊಟ್ಟ ಪರವಾನಗಿಯ ಷರತ್ತುಗಳಲ್ಲಿ ಅರ್ಧ ಹಾಗೇ ಉಳಿದಿದ್ದವು. ಗೋಡೆ, ಛಾವಣಿಗೆ ಸಂಬಂಧಿಸಿದ್ದೆಲ್ಲ ಆಗಿತ್ತು. ಉಳಿದದ್ದು ನೆಲದ್ದು. ಅಗೆದ ಜಾಗವನ್ನು ಮೊದಲಿನ ಇಳಿಜಾರಿಗೆ ತರಬೇಕು, ತೆಗೆದಿಟ್ಟ ಮೇಲ್ಮಣ್ಣನ್ನೇ ಮರಳಿ ಹಾಸಬೇಕು, ಗಡಿಯುದ್ದಕ್ಕೂ ಆ ನೆಲದ್ದೇ ಗಿಡಗಳ ಬೇಲಿ ಬೆಳೆಸಬೇಕು, ಮಳೆನೀರು ಪಕ್ಕದ ಹೊಲಕ್ಕೆ ನುಗ್ಗದೆ ನಮ್ಮಲ್ಲೇ ಇಂಗಬೇಕು. ನೆಟ್ಟದ್ದು ಐದು ವರ್ಷದೊಳಗೆ ಸತ್ತರೆ ಅದೇ ಜಾತಿಯ ಗಿಡವನ್ನು ಮತ್ತೆ ನೆಡಬೇಕು.

ಪಾಯ ತೋಡುವ ಮೊದಲೇ ಮೇಲ್ಮಣ್ಣನ್ನು ಅಡಿಮಣ್ಣಿನೊಂದಿಗೆ ಬೆರೆಯದಂತೆ ಬೇರೆ ಗುಡ್ಡೆ ಹಾಕಿಸಿದ್ದೆವು. ಗುಡ್ಡೆ 2 ಮೀಟರಿಗಿಂತ ಎತ್ತರವಾಗದಂತೆ ನೋಡಿಕೊಂಡೆವು. ಇನ್ನೂ ಎತ್ತರವಾದರೆ ತಳದ ಮಣ್ಣು ತನ್ನ ಮೇಲಿನ ಭಾರಕ್ಕೆ ಒತ್ತಿಕೊಂಡು, ಗಾಳಿಯಿಲ್ಲದೆ ಕೆಡುತ್ತದೆ. ಅದನ್ನು ಹಾಸುವ ದಿನ ಬೆಳಿಗ್ಗೆ ಜೆಸಿಬಿ ಬಂತು. ಚಾಲಕನ ಲೆಕ್ಕದಲ್ಲಿ ಅದು ಅರ್ಧ ದಿನದ ಕೆಲಸ: ಗುಡ್ಡೆಯಿಂದ ಎತ್ತು, ಸುರಿ, ಬಕೆಟ್ಟಿನ ಬೆನ್ನಿನಿಂದ ತಟ್ಟಿ ಸಮ ಮಾಡು.

ಅವನನ್ನು ತಡೆದು, ಮನೆಯ ಹಿಂದೆ ಲಾರಿಗಳು ತಿರುಗುತ್ತಿದ್ದ ಜಾಗದಲ್ಲಿ ಒಂದು ಗುಂಡಿ ತೋಡಿ ನೀರು ಸುರಿದೆ. ಗುಡ್ಡೆಯ ಲೆಕ್ಕಾಚಾರ ಮುಗಿಸಿ ಬರುವಷ್ಟರಲ್ಲೂ ನೀರು ಇಳಿದಿರಲಿಲ್ಲ. ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಖಾಲಿ ಜಾಗವೇ ಇರುತ್ತದೆ, ನೀರಿಗೆ ಮತ್ತು ಗಾಳಿಗೆ. ಗಾಡಿಗಳ ಭಾರ ಮೊದಲು ಹಿಂಡಿ ತೆಗೆಯುವುದು ಆ ಖಾಲಿಯನ್ನು. ಅಂಥ ನೆಲದ ಮೇಲೆ ಎಷ್ಟೇ ಫಲವತ್ತಾದ ಮಣ್ಣು ಹಾಸಿದರೂ ಮಳೆಗಾಲದಲ್ಲಿ ನೀರು ಎರಡು ಪದರಗಳ ನಡುವೆ ನಿಲ್ಲುತ್ತದೆ, ಬೇರು ಕೆಳಗಿಳಿಯಲಾರದೆ ಅಡ್ಡ ತಿರುಗುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಳ್ಳಿಗಾಡಿನ ಎಷ್ಟೋ ಹೊಸ ಮನೆಗಳ ಸುತ್ತ ಗಿಡಗಳು ಏಳಿಗೆಯಾಗದಿರಲು ಇದೇ ಕಾರಣ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಜನ ಗೊಬ್ಬರ ಬದಲಾಯಿಸುತ್ತಾರೆ, ಗಿಡ ಬದಲಾಯಿಸುತ್ತಾರೆ. ಕೆಳಗಿನ ನೆಲವನ್ನು ಯಾರೂ ಅಗೆದು ನೋಡುವುದಿಲ್ಲ.

‘ಮೇಲೆ ಮಣ್ಣು ಬಿದ್ದರೆ ಯಾರಿಗೆ ಕಾಣುತ್ತೆ?’ ಎಂದು ಚಾಲಕ ಕೇಳಿದ. ಅವನ ಪ್ರಶ್ನೆಯಲ್ಲಿ ಕೆಟ್ಟತನವಿರಲಿಲ್ಲ. ಅವನಿಗೆ ಎಲ್ಲ ಕಡೆಯೂ ಹಾಗೇ ಮಾಡಿಸಿದ್ದರು. ಗುಂಡಿಯಲ್ಲಿ ನಿಂತಿದ್ದ ನೀರು ತೋರಿಸಿದೆ. ನೋಡಿದ, ಮತ್ತೆ ವಾದಿಸಲಿಲ್ಲ. ಬಕೆಟ್ ಬಿಚ್ಚಿ, ನೆಲ ಸೀಳುವ ಹಲ್ಲು ಹಾಕಿ, ಅರ್ಧ ಮೀಟರ್ ಆಳಕ್ಕೆ ಇಳಿಜಾರಿಗೆ ಅಡ್ಡಲಾಗಿ ಸೀಳುತ್ತ ಹೋದ. ಇಳಿಜಾರಿನ ಉದ್ದಕ್ಕೆ ಸೀಳಿದರೆ ಪ್ರತಿ ಗೀರೂ ಕಾಲುವೆಯಾಗಿ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.

ಸೀಳಿದಂತೆಲ್ಲ ಹೂತದ್ದು ಮೇಲೆ ಬಂತು. ಇಟ್ಟಿಗೆ ಚೂರು, ತಂತಿ, ಪ್ಲಾಸ್ಟಿಕ್. ಒಂದು ಮೂಲೆಯಲ್ಲಿ ಕಾಂಕ್ರೀಟ್ ಮಿಕ್ಸರ್ ತೊಳೆದ ನೀರು ಇಂಗಿ, ಮಣ್ಣು ಬೂದಿಬಣ್ಣದ ಹೆಂಟೆಯಾಗಿತ್ತು. ಸಿಮೆಂಟ್ ನೀರು ಬಲು ಕ್ಷಾರ, ಅದರ ಪಿಎಚ್ 12ನ್ನೂ ದಾಟುತ್ತದೆ (ಶುದ್ಧ ನೀರಿನದು 7), ಎಳೆ ಬೇರು ಅದನ್ನು ತಾಳಲಾರದು. ಅಷ್ಟೂ ಮಣ್ಣನ್ನು ತೋಡಿಸಿ ಹೊರಗೆ ಸಾಗಿಸಿದೆವು.

ಹಳೆಯ ಮರದ ಸುತ್ತ ಮಾತ್ರ ಯಂತ್ರಕ್ಕೆ ಪ್ರವೇಶವಿರಲಿಲ್ಲ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಎಷ್ಟಿದೆಯೋ ಅದರ ಹನ್ನೆರಡು ಪಟ್ಟು ದೂರದವರೆಗೆ ಬೇರಿನ ಜಾಗ ಎಂದು ಬಿಡುವುದು ರೂಢಿ. ಅರ್ಧ ಮೀಟರ್ ದಪ್ಪದ ಕಾಂಡಕ್ಕೆ 6 ಮೀಟರ್. ಕಟ್ಟಡ ಏಳುವಾಗಲೂ ಅಲ್ಲಿ ಬೇಲಿ ಹಾಕಿದ್ದೆವು, ಒಂದು ಮೂಟೆ ಸಿಮೆಂಟನ್ನೂ ಇಳಿಸಿರಲಿಲ್ಲ. ಈಗ ಅಲ್ಲಿ ತರಗೆಲೆ ಹೊದಿಸಿದ್ದಷ್ಟೇ, ಅದೂ ಬುಡಕ್ಕೆ ತಾಗದಂತೆ.

ಮಧ್ಯಾಹ್ನದ ಮೇಲೆ ಮೇಲ್ಮಣ್ಣಿನ ಹದ ನೋಡಿದೆ. ಅಂಗೈಯಲ್ಲಿ ಹೊಸೆದರೆ 3 ಮಿಲಿಮೀಟರ್ ತೆಳುವಿನ ಎಳೆಯಾಗಿ ನಿಂತರೆ ಅದಿನ್ನೂ ಹಸಿ, ಮುಟ್ಟಬಾರದು. ಅದಕ್ಕೆ ಮೊದಲೇ ಪುಡಿಯಾದರೆ ಹಾಸಬಹುದು. ಗುಡ್ಡೆಯ ಮೇಲ್ಭಾಗ ಪುಡಿಯಾಯಿತು, ತಳದ್ದು ಎಳೆಯಾಯಿತು. ಒಣಗಿದ್ದನ್ನು ಮಾತ್ರ ಹಾಸಿದೆವು. ಜೆಸಿಬಿ ಹಿಂದೆ ಹಿಂದೆ ಸರಿಯುತ್ತ, ಹಾಸಿದ ಮಣ್ಣಿನ ಮೇಲೆ ಒಮ್ಮೆಯೂ ಹತ್ತದೆ ಕೆಲಸ ಮಾಡಿತು. ತಟ್ಟಲು ಬಿಡಲಿಲ್ಲ, ಮಣ್ಣು ತಾನಾಗಿ ಕೂರುತ್ತದೆ. ಉಳಿದ ಹಸಿಮಣ್ಣಿಗಾಗಿ ಯಂತ್ರವನ್ನು ಇನ್ನೊಮ್ಮೆ ಕರೆಸಬೇಕಾಯಿತು. ಖರ್ಚು ಹೆಚ್ಚಾಯಿತು, ಮನೆಯವರಿಗೂ ಬೇಸರವಾಯಿತು. ಆದರೂ ಆ ಹಣ ಅಡುಗೆಮನೆಯ ಕಲ್ಲಿಗೆ ಕೊಟ್ಟದ್ದಕ್ಕಿಂತ ಸಾರ್ಥಕ ಎಂದೇ ಇಂದಿಗೂ ನನ್ನ ಅಭಿಪ್ರಾಯ.

ಪರಿಶೀಲನೆಗೆ ಬಂದ ಅಧಿಕಾರಿ ನಕ್ಷೆಯನ್ನು ಮಡಚಿ ಪಕ್ಕಕ್ಕಿಟ್ಟು, ತಮಗೆ ಬೇಕೆನಿಸಿದ ಕಡೆ ಸಲಿಕೆ ಇಳಿಸಿ ಮಣ್ಣಿನ ಆಳ ನೋಡಿದರು. ಸಲಿಕೆ ಅಡಿಮಣ್ಣಿನವರೆಗೂ ಸಲೀಸಾಗಿ ಇಳಿಯಿತು. ಬೇಲಿಯ ಸಾಲಿನಲ್ಲಿ ಒಣಗಿದ್ದ ಗಿಡಗಳನ್ನು ಗುರುತು ಮಾಡಿಕೊಂಡು, ಮುಂದಿನ ನೆಡುವ ಕಾಲಕ್ಕೆ ಬದಲಿ ನೆಡಲು ಹೇಳಿದರು. ಅದೇ ಜಾತಿಯವು, ಹತ್ತಿರದ ಕಾಡಿನ ಬೀಜದಿಂದಲೇ ಎದ್ದ ಸಸಿಗಳು ಬೇಕೆಂದು ನರ್ಸರಿಗೆ ಈಗಾಗಲೇ ತಿಳಿಸಿದ್ದೇನೆ.